20ಕ್ಕೆ 20 ಗೆದ್ದ ಬಾಕ್ಸರ್ ನಿಜಕ್ಕೂ ಅಜೇಯನೇ?

‘20 ಪಂದ್ಯ, 20 ಗೆಲುವು! ಮುಂದಿನ ಟೈಸನ್ ಇವನೇ!’ ಇಂಥ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ದೈತ್ಯ ದೇಹದ ಹುಡುಗ ಒಂದೇ ಗುದ್ದಿಗೆ ಎದುರಾಳಿಯನ್ನು ಮಲಗಿಸುತ್ತಾನೆ, ನಾವು ಬೆರಗಾಗಿ ಫಾರ್ವರ್ಡ್ ಮಾಡುತ್ತೇವೆ. ಆದರೆ ಆ ಅಂಕಿಯನ್ನು ಎಷ್ಟು ನಂಬಬೇಕು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಜಾತ್ರೆ ಕುಸ್ತಿ ನೋಡಿದವರಿಗೆ ಉತ್ತರ ಗೊತ್ತೇ ಇದೆ. ಪೈಲ್ವಾನ ಎಷ್ಟು ಕುಸ್ತಿ ಗೆದ್ದ ಎನ್ನುವುದಕ್ಕಿಂತ ಯಾರ ಮೇಲೆ ಗೆದ್ದ ಎಂಬುದು ಮುಖ್ಯ. ಜೋಡಿ ಸಮ ಇರದಿದ್ದರೆ ಗೆಲುವಿಗೆ ಬೆಲೆಯಿಲ್ಲ. ಬಾಕ್ಸಿಂಗ್‌ಗೂ ಇದೇ ಮಾತು.

ದಾಖಲೆ ಬೆಳೆಯುವುದು ಹೇಗೆ?

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ 200 ಪೌಂಡ್, ಅಂದರೆ ಸುಮಾರು 90.7 ಕೆಜಿ ಮೀರಿದವರು ಹೆವಿವೇಟ್. ಇಲ್ಲಿ ಎದುರಾಳಿಯನ್ನು ಚೀಟಿ ಎತ್ತಿ ಆರಿಸುವುದಿಲ್ಲ, ಆಯೋಜಕರು ಮತ್ತು ಮ್ಯಾನೇಜರ್‌ಗಳು ಮಾತಾಡಿ ಗೊತ್ತುಮಾಡುತ್ತಾರೆ. ಹೊಸಬನಿಗೆ ಮೊದಮೊದಲು ಸುಲಭದ ಎದುರಾಳಿಗಳನ್ನೇ ಕೊಡುವುದು ಹಳೆಯ ರೂಢಿ. ಕಲಿಯಲು ಅದು ಬೇಕು ನಿಜ. ಆದರೆ ಅದನ್ನೇ ಸಾಮರ್ಥ್ಯದ ಸಾಕ್ಷಿ ಎನ್ನಲಾಗದು.

ಎರಡು ಉದಾಹರಣೆ

2008ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ನಮ್ಮ ವಿಜೇಂದರ್ ಸಿಂಗ್ ಹೆವಿವೇಟ್ ಅಲ್ಲ, ಆದರೂ ಪಾಠ ಒಂದೇ. 2015ರಲ್ಲಿ ವೃತ್ತಿಪರರಾದ ಅವರು ಸತತ 12 ಪಂದ್ಯ ಗೆದ್ದರು. ಒಂದು ವರ್ಷಕ್ಕೂ ಹೆಚ್ಚು ಕಾಲ ರಿಂಗ್‌ನಿಂದ ದೂರವಿದ್ದು, 2021ರ ಮಾರ್ಚ್‌ನಲ್ಲಿ ಗೋವಾದಲ್ಲಿ ಕಣಕ್ಕಿಳಿದಾಗ, ಅಷ್ಟೇನೂ ಹೆಸರಿಲ್ಲದ ರಷ್ಯಾದ ಆರ್ಟಿಶ್ ಲಾಪ್ಸನ್ ಎದುರು ಸೋತರು.

ಇದಕ್ಕೆ ವಿರುದ್ಧ ಉದಾಹರಣೆ ಉಕ್ರೇನ್‌ನ ಒಲೆಕ್ಸಾಂಡರ್ ಉಸಿಕ್. ಹೆವಿವೇಟ್‌ಗೆ ಬಂದು ಆಡಿದ ಮೂರನೇ ಪಂದ್ಯದಲ್ಲೇ, 2021ರ ಸೆಪ್ಟೆಂಬರ್‌ನಲ್ಲಿ, ಚಾಂಪಿಯನ್ ಆಂಟನಿ ಜೋಶುವಾನನ್ನು ಸೋಲಿಸಿದ. ಇದು ಪವಾಡವಲ್ಲ. 2012ರ ಒಲಿಂಪಿಕ್ ಚಿನ್ನ, ಕೆಳಗಿನ ತೂಕದ ಎಲ್ಲ ಪ್ರಮುಖ ಪ್ರಶಸ್ತಿಗಳು ಆಗಲೇ ಅವನ ಬೆನ್ನಿಗಿದ್ದವು.

ಹಾಗಾದರೆ ಏನು ನೋಡಬೇಕು?

• ಸೋತವರು ಯಾರು? ಅವರು ಅದಕ್ಕೂ ಮೊದಲು ಸೋಲುತ್ತಲೇ ಇದ್ದರೇ?
• ಪಂದ್ಯ ಎಷ್ಟು ಸುತ್ತು ನಡೆಯಿತು? ಮೊದಲ ಸುತ್ತಿನಲ್ಲೇ ಮುಗಿದರೆ ದಮ್ಮಿನ ಪರೀಕ್ಷೆ ಆಗಿಲ್ಲವೆಂದೇ ಅರ್ಥ.
• ಪೆಟ್ಟು ತಿಂದಾಗ ಏನು ಮಾಡುತ್ತಾನೆ? ತುಣುಕು ವಿಡಿಯೊದಲ್ಲಿ ಕೊನೆಯ ಗುದ್ದು ಮಾತ್ರ ಇರುತ್ತದೆ.
• ಹವ್ಯಾಸಿ ಅನುಭವ ಎಷ್ಟು? ವೃತ್ತಿಪರ ದಾಖಲೆಯಲ್ಲಿ ಅದು ಸೇರುವುದಿಲ್ಲ.
• ಕೊನೆಯ ಪಂದ್ಯ ಯಾವಾಗ ಆಡಿದ್ದು?

ಇದರಿಂದ ನಮಗೇನು?

ಜೋಡಿ ತಪ್ಪಿದರೆ ಪೆಟ್ಟು ಬೀಳುವುದು ತಲೆಗೆ. ಗುದ್ದಿನ ರಭಸಕ್ಕೆ ಮೆದುಳು ತಲೆಬುರುಡೆಯೊಳಗೆ ಅಲುಗುತ್ತದೆ, ರಕ್ತಸ್ರಾವವೂ ಆಗಬಹುದು. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದ ಯುವ ಸ್ಪರ್ಧಿ ಕೆಲ ದಿನಗಳಲ್ಲೇ ತೀರಿಕೊಂಡ. ಆ ಸಾವಿಗೆ ಜೋಡಿಯೇ ಕಾರಣ ಎಂದು ನಾವು ಹೇಳುತ್ತಿಲ್ಲ. ರಿಂಗ್‌ನ ಪೆಟ್ಟು ವಿಡಿಯೊದಲ್ಲಿ ಕಂಡಷ್ಟು ಹಗುರವಲ್ಲ ಎಂದಷ್ಟೇ ನೆನಪಿಸುತ್ತಿದ್ದೇವೆ.

ಹಾಗಾಗಿ ನಿಮ್ಮ ಮನೆಯ ಹುಡುಗನನ್ನು ಯಾರಾದರೂ ಪಂದ್ಯಕ್ಕೆ ಕರೆದರೆ ಎದುರಾಳಿಯ ತೂಕವೆಷ್ಟು, ಎಷ್ಟು ಪಂದ್ಯ ಆಡಿದ್ದಾನೆ, ಕಣದ ಬಳಿ ಡಾಕ್ಟರ್ ಮತ್ತು ಆಂಬುಲೆನ್ಸ್ ಇರುತ್ತವೆಯೇ ಎಂದು ಕೇಳಿ. ಉತ್ತರ ಸಿಗದಿದ್ದರೆ ಕಳಿಸಬೇಡಿ.

ಇನ್ನು ‘ಅಜೇಯ’ ಎಂಬ ಮುಂದಿನ ವಿಡಿಯೊ ಬಂದಾಗ, ಫಾರ್ವರ್ಡ್ ಒತ್ತುವ ಮೊದಲು ಕುಸ್ತಿ ಕಣದ ಪ್ರಶ್ನೆಯನ್ನೇ ಕೇಳಿಕೊಳ್ಳಿ: ಗೆದ್ದದ್ದು ಸರಿ, ಯಾರ ಮೇಲೆ?