ತಂಪಿನ ಕಾಯಕದಲ್ಲಿ ಕಾಣದ ಸೋರಿಕೆ

ಕಾಯಕವು ಸತ್ಯಶುದ್ಧವಾಗಿರಬೇಕೆಂಬುದು ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಕಲ್ಯಾಣದ ನೆಲದಲ್ಲಿ ಬಿತ್ತಿದ ಬೀಜ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಿದೇವರು ಬಟ್ಟೆಗಳನ್ನು ಮಡಿ ಮಾಡಿದರು, ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದರು. ಅಂದು ಇಲ್ಲದಿದ್ದ ಕಾಯಕವೊಂದು ಇಂದು ಅದೇ ನೆಲದಲ್ಲಿ ಬೇರೂರಿದೆ. ಎ.ಸಿ., ಫ್ರಿಜ್, ಗೀಸರ್, ಸೋಲಾರ್ ಹೀಟರ್‌ಗಳನ್ನು ಜೋಡಿಸುವ ಮತ್ತು ದುರಸ್ತಿ ಮಾಡುವ ಗುತ್ತಿಗೆದಾರರ ಕಾಯಕವದು. ಕಾಲ ಬದಲಾದಾಗ ಕಾಯಕದ ಉಪಕರಣಗಳು ಬದಲಾಗುತ್ತವೆ. ಅದರ ಧರ್ಮವೂ ಬದಲಾಗಬೇಕೇ?

ಬಸವಕಲ್ಯಾಣ ಮತ್ತು ಹುಮನಾಬಾದಿನ ಬೇಸಿಗೆ ಎಂತಹುದೆಂದು ಭಕ್ತರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ಇದೇ ಬೀದರ್ ಜಿಲ್ಲೆ ಗಡಗಡ ನಡುಗುತ್ತದೆ. ಒಂದು ಕಾಲಕ್ಕೆ ಬ್ಯಾಂಕು, ಆಸ್ಪತ್ರೆಗಳಲ್ಲಿ ಮಾತ್ರ ಕಾಣುತ್ತಿದ್ದ ಎ.ಸಿ. ಈಗ ಮಧ್ಯಮ ವರ್ಗದ ಮನೆಯನ್ನೂ ಹೊಕ್ಕಿದೆ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹುಮನಾಬಾದಿನ ಹೆದ್ದಾರಿಯ ಒಂದು ದಿಕ್ಕಿಗೆ ಹೈದರಾಬಾದ್, ಇನ್ನೊಂದು ದಿಕ್ಕಿಗೆ ಸೊಲ್ಲಾಪುರ. ಆನ್‌ಲೈನಿನಲ್ಲಿ ಕೊಂಡ ಯಂತ್ರವಂತೂ ನೇರವಾಗಿ ಮನೆಬಾಗಿಲಿಗೇ ಬರುತ್ತದೆ. ಹೀಗಾಗಿ ಊರಿನ ಗುತ್ತಿಗೆದಾರನಿಗೆ ಮಾರಾಟದ ಲಾಭ ಕ್ಷೀಣಿಸುತ್ತಿದೆ. ಉಳಿದಿರುವುದು ಜೋಡಣೆ ಮತ್ತು ದುರಸ್ತಿ. ಅದೂ ಬಹುಪಾಲು ಬೇಸಿಗೆಯ ಮೂರ್ನಾಲ್ಕು ತಿಂಗಳ ದುಡಿಮೆ. ಈ ಇಕ್ಕಟ್ಟಿನಲ್ಲಿಯೇ ಅಸತ್ಯಕ್ಕೆ ಬಾಗಿಲು ತೆರೆದುಕೊಳ್ಳುತ್ತದೆ.

ಆ ಅಸತ್ಯ ಯಾವುದು? 'ಗ್ಯಾಸ್ ಖಾಲಿಯಾಗಿದೆ, ತುಂಬಬೇಕು' ಎಂಬ ಮಾತು. ಎ.ಸಿ. ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ; ಕೋಣೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಆ ಶಾಖವನ್ನು ಹೊರುವುದು ತಾಮ್ರದ ಕೊಳವೆಯೊಳಗಿನ ಗ್ಯಾಸು. ಅದು ಒಳಗಡೆ ದ್ರವದಿಂದ ಆವಿಯಾಗಿ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿದ ಮೇಲೆ ಹೊರಗಡೆ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಇದು ಮುಚ್ಚಿದ ಚಕ್ರ. ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ, ಇಲ್ಲವೇ ಮೊದಲೇ ಕಡಿಮೆ ತುಂಬಲಾಗಿದೆ ಎಂದೇ ಅರ್ಥ. ಸೋರಿಕೆಯನ್ನು ಮುಚ್ಚದೆ ಪ್ರತಿ ಬೇಸಿಗೆಯಲ್ಲಿಯೂ ಗ್ಯಾಸ್ ತುಂಬುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದು ಕೂಲಿ ಕೇಳಿದಂತೆ. ಇನ್ನೂ ಎಷ್ಟೋ ಸಲ ಗ್ಯಾಸ್ ಸರಿಯಾಗಿಯೇ ಇರುತ್ತದೆ. ಜಾಲರಿಗೆ ಧೂಳು ಮೆತ್ತಿಕೊಂಡು ಗಾಳಿ ಹಾಯದೆ ತಂಪು ಕುಂದಿರುತ್ತದೆ. ಅಲ್ಲಿ ಬೇಕಾದುದು ಬರಿಯ ತೊಳೆತ.

ಹಿಂದೆ ಈ ತಪ್ಪು ಗಿರಾಕಿಯ ಕಿಸೆಗೆ ಮಾತ್ರ ಹೊರೆಯೆಂದು ಭಾವಿಸಲಾಗುತ್ತಿತ್ತು. ಈಗ ಹಾಗೆ ಹೇಳಿ ನುಣುಚಿಕೊಳ್ಳುವಂತಿಲ್ಲ. ಭೂಮಿಯ ಓಝೋನ್ ಪದರವನ್ನು ಕಾಯಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು. ದಶಕಗಳ ಕಾಲ ನಮ್ಮ ಎ.ಸಿ.ಗಳಲ್ಲಿ ಹರಿದ ಆರ್-22 ಎಂಬ ಗ್ಯಾಸು ಆ ಪದರವನ್ನು ಸವೆಸುವುದರ ಜೊತೆಗೆ, ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಒಂದು ಕಿಲೋ ಸೋರಿದರೆ ಸುಮಾರು 1.8 ಟನ್ ಡೈಆಕ್ಸೈಡನ್ನು ಆಕಾಶಕ್ಕೆ ಬಿಟ್ಟಂತೆ. ಆದ್ದರಿಂದಲೇ ಅದು ಬಳಕೆಯಿಂದ ಹಿಂದೆ ಸರಿಯುತ್ತಿದೆ. ಅದರ ಜಾಗಕ್ಕೆ ಬಂದ ಆರ್-32ರ ತಾಪಕಾರಕ ಶಕ್ತಿ 675 ಪಟ್ಟು. ಓಝೋನಿಗೆ ಅದರಿಂದ ಹಾನಿಯಿಲ್ಲ. ಆದರೆ ಅದರ ಒತ್ತಡ ಹೆಚ್ಚು. ಅದಕ್ಕೆ ಮಂದವಾಗಿ ಹೊತ್ತಿಕೊಳ್ಳುವ ಗುಣವೂ ಇದೆ. ಕೆಲವು ಯಂತ್ರಗಳಲ್ಲಿರುವ ಆರ್-290 ಎಂದರೆ ಪ್ರೊಪೇನ್. ಅದು ಬೇಗನೆ ಹೊತ್ತಿಕೊಳ್ಳುತ್ತದೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿದ್ದು, 2032ರಿಂದ ಆರ್-32ರ ವರ್ಗದ ಗ್ಯಾಸುಗಳ ಬಳಕೆಯೂ ಹಂತಹಂತವಾಗಿ ಇಳಿಯಬೇಕಾಗಿದೆ. ಅಂದರೆ ಬದಲಾವಣೆ ಇಲ್ಲಿಗೆ ನಿಲ್ಲುವುದಿಲ್ಲ.

ಹಳೆಯ ಗೇಜು ಹಿಡಿದು, ಯಾವ ಗ್ಯಾಸೆಂದು ನೋಡದೆ, ಕೈ ಅಂದಾಜಿನ ಮೇಲೆ ತುಂಬುವವನು ಈಗ ಗಿರಾಕಿಯ ಹಣದ ಜೊತೆಗೆ ತನ್ನ ಹುಡುಗರ ಪ್ರಾಣವನ್ನೂ ಪಣಕ್ಕಿಡುತ್ತಾನೆ. ಸರಿಯಾದ ಕ್ರಮವೇ ಬೇರೆ. ನೈಟ್ರೋಜನ್ ತುಂಬಿ ಒತ್ತಡವನ್ನು ಪರೀಕ್ಷಿಸಬೇಕು. ಅದಕ್ಕೆ ಬದಲಾಗಿ ಆಕ್ಸಿಜನ್ ಬಳಸಿದರೆ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸಿಡಿಯಬಹುದು. ಸಾಬೂನಿನ ನೊರೆಯಿಂದ ಸೋರಿಕೆಯನ್ನು ಹುಡುಕಿ ಬೆಸೆಯಬೇಕು. ವ್ಯಾಕ್ಯೂಮ್ ಪಂಪಿನಿಂದ ಗಾಳಿಯನ್ನೂ ತೇವವನ್ನೂ ಹೊರತೆಗೆಯಬೇಕು. ಕೊನೆಗೆ ಯಂತ್ರದ ಮೇಲೆ ನಮೂದಿಸಿದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಅರ್ಧ ಗಂಟೆಯ ಕೆಲಸ ಆಗ ಅರ್ಧ ದಿನದ ಕೆಲಸವಾಗುತ್ತದೆ.

ಈ ಅರ್ಧ ದಿನದ ಕೂಲಿಯನ್ನು ಕೊಡುವವರಾರು? ಇಲ್ಲಿ ಗುತ್ತಿಗೆದಾರನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. 'ಅಣ್ಣಾ, ಅದೆಲ್ಲ ಬ್ಯಾಡ್ರಿ, ಗ್ಯಾಸ್ ತುಂಬಿ ಹೋಗ್ರಿ' ಎಂದು ಅವಸರಪಡಿಸುವ ಗಿರಾಕಿಯೂ ಆ ಸುಳ್ಳಿನ ಪಾಲುದಾರನೇ. ಕಣ್ಣಿಗೆ ಕಾಣುವ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಕಣ್ಣಿಗೆ ಕಾಣದ ದುಡಿಮೆಗೆ ನೂರು ರೂಪಾಯಿ ಚೌಕಾಸಿ ಮಾಡುತ್ತಾರೆ. ಕಲ್ಯಾಣ ಮಂಟಪ, ಶಾಲೆ, ಆಸ್ಪತ್ರೆಗಳ ಆಡಳಿತದವರೂ ಅತಿ ಕಡಿಮೆ ದರದ ಕೊಟೇಶನ್ನನ್ನೇ ಹುಡುಕುತ್ತಾರೆ. ಆ ದರದಲ್ಲಿ ತೆಳುವಾದ ಕೊಳವೆ, ವ್ಯಾಕ್ಯೂಮ್ ಇಲ್ಲದ ಜೋಡಣೆ, ಸೊಂಟಕ್ಕೆ ಹಗ್ಗವಿಲ್ಲದೆ ಗೋಡೆಯ ಮೇಲೆ ನಿಂತ ಹುಡುಗ, ಇವೆಲ್ಲ ಅಡಗಿವೆಯೆಂಬುದನ್ನು ಅವರು ಎಣಿಸುವುದಿಲ್ಲ.

ಸತ್ಯ ಹೇಳಿದವನು ಪೈಪೋಟಿಯಲ್ಲಿ ಉಳಿಯಲಾರನೆಂಬ ಮಾತೊಂದುಂಟು. ಒಂದು ಬೇಸಿಗೆಯ ಲೆಕ್ಕದಲ್ಲಿ ಅದು ನಿಜವಿರಬಹುದು. ಆದರೆ ಬಸವಕಲ್ಯಾಣ, ಹುಮನಾಬಾದಿನಂತಹ ಊರುಗಳಲ್ಲಿ ಹೆಸರು ಜಾಹೀರಾತಿಗಿಂತ ಬೇಗ ಹರಡುತ್ತದೆ. ಆನ್‌ಲೈನ್ ಅಂಗಡಿ ಯಂತ್ರವನ್ನು ಕಡಿಮೆ ಬೆಲೆಗೆ ಮಾರಬಲ್ಲದು; 'ಗ್ಯಾಸ್ ಸರಿಯಾಗಿದೆ, ತೊಳೆದರೆ ಸಾಕು' ಎಂದು ಮಾಳಿಗೆ ಹತ್ತಿ ನೋಡಿ ಹೇಳುವ ನಾಲಗೆ ಅದಕ್ಕಿಲ್ಲ. ಬದಲಾಗುತ್ತಿರುವ ಉದ್ಯಮದಲ್ಲಿ ಊರಿನ ಗುತ್ತಿಗೆದಾರನಿಗೆ ಉಳಿದಿರುವ ನಿಜವಾದ ಬಂಡವಾಳ ಆ ಮಾತೇ. ಆ ಬಂಡವಾಳವನ್ನು ಬೆಳೆಸಲು ಅವನು ಹೊಸ ಗ್ಯಾಸುಗಳ ತರಬೇತಿಯನ್ನು ಪಡೆಯಬೇಕು. ಚಳಿಗಾಲದಲ್ಲಿ ಗೀಸರ್, ಸೋಲಾರ್ ಹೀಟರುಗಳ ಕೆಲಸದಿಂದ ವರ್ಷಪೂರ್ತಿ ದುಡಿಮೆಯನ್ನು ಹರಡಿಕೊಂಡು, ಬೇಸಿಗೆಯ ದುರಾಸೆಯನ್ನು ತಗ್ಗಿಸಿಕೊಳ್ಳಬೇಕು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಪ್ರಸಂಗವನ್ನು ಶರಣ ಪರಂಪರೆ ನೆನೆಯುತ್ತದೆ. ಬೇಡದ ಗ್ಯಾಸಿಗೆ ಬರೆದ ಬಿಲ್ಲು ಆ ಹೆಚ್ಚಿನ ಅಕ್ಕಿಯೇ. ಅದನ್ನು ಹಿಂದಿರುಗಿಸುವ ಧೈರ್ಯ ಗುತ್ತಿಗೆದಾರನಿಗಿರಲಿ. ಸರಿಯಾದ ದುಡಿಮೆಗೆ ಸರಿಯಾದ ಕೂಲಿಯನ್ನು ಕೊಡುವ ಔದಾರ್ಯ ಗಿರಾಕಿಗಿರಲಿ. ಈ ಬೇಸಿಗೆಯಲ್ಲಿ ಎ.ಸಿ. ರಿಪೇರಿಗೆ ಜನರನ್ನು ಕರೆಸುವ ಪ್ರತಿಯೊಬ್ಬ ಸದ್ಭಕ್ತರೂ 'ಎಷ್ಟಾಗುತ್ತದೆ' ಎಂದು ಕೇಳುವ ಮೊದಲು 'ಎಲ್ಲಿ ಸೋರಿದೆ' ಎಂದು ಕೇಳಲಿ. ಆ ಒಂದು ಪ್ರಶ್ನೆ ಎರಡೂ ಕಡೆಯವರನ್ನು ಸತ್ಯದ ಹಾದಿಗೆ ತರಬಲ್ಲದು.