ವಿಕೆಟ್ ಬಿದ್ದರೆ ನಮ್ಮವ, ಬೀಳದಿದ್ದರೆ ಯಾರವ?

ಗದಗ-ಬೆಟಗೇರಿಯಲ್ಲಿ ಕ್ರಿಕೆಟ್ ಮಾತು ಶುರುವಾದರೆ ಮೊದಲು ಬರುವ ಹೆಸರು ಸುನಿಲ್ ಜೋಶಿಯವರದು. ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ವಾಪಸ್ ಗದಗಿಗೆ ಬಂದು ಶಾಲೆ ಸೇರುತ್ತಿದ್ದ ಹುಡುಗ ಮುಂದೆ ಭಾರತದ ಪರ 15 ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್ ಹಾಕಿ, ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಆ ಕಡೆ ನೆಲೆಸಿದ ನಮ್ಮವರ ಮಕ್ಕಳಿಗೂ ಈ ಲೆಕ್ಕ ಬಾಯಿಪಾಠ ಇದ್ದರೆ ಆಶ್ಚರ್ಯವಿಲ್ಲ.

ಅದೇ ಸೀಮೆಯಲ್ಲಿ ಹುಟ್ಟಿದ ಇನ್ನೊಬ್ಬ ಎಡಗೈ ಸ್ಪಿನ್ನರ್ ಇದ್ದರು. ಅವರ ಹೆಸರನ್ನು ಮಾತ್ರ ನಮ್ಮ ಹೆಚ್ಚಿನ ಮನೆಗಳಲ್ಲಿ ಕೇಳಿರಲಿಕ್ಕಿಲ್ಲ. ಪಾಲ್ವಂಕರ್ ಬಾಲೂ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಗದಗ, ಮುಂಡರಗಿ ಎಲ್ಲ ಆಗ ಧಾರವಾಡ ಜಿಲ್ಲೆಗೇ ಸೇರಿದ್ದವು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬಾಲೂ ಅವರ ಮನೆತನ ಕೊಂಕಣದ್ದು, ಜಾತಿಯಲ್ಲಿ ಚಮ್ಮಾರರು. ಆ ಕಾಲದಲ್ಲಿ ಹಾಗಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ.

ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನ ನೋಡಿಕೊಳ್ಳುವುದು ಅವರ ಕೆಲಸ. ಪಿಚ್ಚಿಗೆ ರೋಲರ್ ಎಳೆಯಬೇಕು, ನೆಟ್ ಕಟ್ಟಬೇಕು, ಸಾಹೇಬರು ಬ್ಯಾಟ್ ಹಿಡಿದರೆ ಗಂಟೆಗಟ್ಟಲೆ ಚೆಂಡು ಹಾಕಬೇಕು. ಅವರ ಬೌಲಿಂಗಿನ ಸುದ್ದಿ ಊರೆಲ್ಲ ಹರಡಿತು. ಬಿಳಿಯರನ್ನು ಸೋಲಿಸಲೇಬೇಕು ಎಂದಿದ್ದ ಪುಣೆಯ ಹಿಂದೂ ತಂಡಕ್ಕೆ ಆ ಎಡಗೈ ಬೇಕಾಯಿತು. ಕೈ ಬೇಕು, ಕೈ ಮುಟ್ಟಿದ ಲೋಟ ಬೇಡ! ಮೈದಾನದಲ್ಲಿ ಅವರು ಹಾಕಿದ ಚೆಂಡನ್ನು ಎಲ್ಲರೂ ಹಿಡಿಯುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಉಳಿದವರು ಪೆವಿಲಿಯನ್ ಒಳಗೆ, ಬಾಲೂ ಹೊರಗೆ. ಅವರಿಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಊಟವೂ ಬೇರೆ.

ಆಮೇಲೆ ಅವರು ಮುಂಬೈಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಲೂ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಅಂಬೇಡ್ಕರರೇ ಅವರನ್ನು ಅಭಿಮಾನದಿಂದ ಕಂಡವರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠಲ್ ನಾಯಕರಾದಾಗ ಬಾಲೂ ಅವರ ಆಟದ ಕಾಲವೇ ಮುಗಿದಿತ್ತು.

ಆಗಿನ ದೊಡ್ಡ ಟೂರ್ನಮೆಂಟೇ ಹಾಗಿತ್ತು. ಮೊದಲು ಮುಂಬೈಯಲ್ಲಿ ಯುರೋಪಿಯನ್ನರು ಮತ್ತು ಪಾರ್ಸಿಗಳು ಆಡಿದರು. 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸ್ಲಿಮರು ಸೇರಿದರು. 1937ರಲ್ಲಿ ಐದನೆಯದಾಗಿ ‘ಇತರರು’ ಎಂಬ ತಂಡ ಬಂತು. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನದಲ್ಲಿತ್ತು. ಆ ಸಾಂಗ್ಲಿಯಲ್ಲೇ ಹುಟ್ಟಿದ ವಿಜಯ್ ಹಜಾರೆ ಕ್ರೈಸ್ತರು. ಹಾಗಾಗಿ ಅವರು ‘ಇತರರು’ ತಂಡಕ್ಕೆ. 1943ರಲ್ಲಿ ಹಿಂದೂ ತಂಡದ ಎದುರು ‘ಇತರರು’ ಗಳಿಸಿದ 387 ರನ್ನುಗಳಲ್ಲಿ 309 ಹಜಾರೆಯವರದೇ! ಅಂಥ ಆಟಗಾರನ ಎದೆಯ ಮೇಲೆ ‘ಇತರರು’ ಎಂಬ ಚೀಟಿ.

ನ್ಯಾಯವಾಗಿ ಹೇಳಬೇಕೆಂದರೆ, ಆ ಪಂದ್ಯಗಳಿಂದ ಒಳ್ಳೆಯದೂ ಆಯಿತು. ಆಳುವ ಬಿಳಿಯರನ್ನು ಅವರದೇ ಆಟದಲ್ಲಿ ಸೋಲಿಸಬಹುದೆಂಬ ಧೈರ್ಯ ಬಂತು. ಆಟಗಾರರ ನಡುವೆ ಹಗೆ ಇರಲಿಲ್ಲ. 1936ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮುಷ್ತಾಕ್ ಅಲಿ ಮತ್ತು ವಿಜಯ್ ಮರ್ಚೆಂಟ್ ಮೊದಲ ವಿಕೆಟಿಗೆ 203 ರನ್ ಸೇರಿಸಿದ್ದರು. ಮುಂಬೈಯಲ್ಲಿ ಮಾತ್ರ ಒಬ್ಬರು ಮುಸ್ಲಿಂ ತಂಡ, ಇನ್ನೊಬ್ಬರು ಹಿಂದೂ ತಂಡ. 1944ರಲ್ಲಿ ಮುಷ್ತಾಕ್ ಅಲಿ ನಾಯಕತ್ವದ ಮುಸ್ಲಿಂ ತಂಡ ಹಿಂದೂ ತಂಡವನ್ನು ಒಂದೇ ವಿಕೆಟಿನಿಂದ ಗೆದ್ದಿತು. ಅದೊಂದು ಅದ್ಭುತ ಪಂದ್ಯ. ಆದರೆ ತಂಡಕ್ಕೆ ಧರ್ಮದ ಹೆಸರಿಟ್ಟ ಮೇಲೆ ಗೆದ್ದದ್ದೂ ಧರ್ಮವೇ, ಸೋತದ್ದೂ ಧರ್ಮವೇ. ಇದನ್ನು ಕಂಡೇ 1940ರಲ್ಲಿ ಗಾಂಧೀಜಿ, ಧರ್ಮದ ಲೆಕ್ಕದಲ್ಲಿ ತಂಡ ಕಟ್ಟುವುದು ತಮಗೆ ಒಪ್ಪಿಗೆಯಿಲ್ಲ ಎಂದರು. 1946ಕ್ಕೆ ಆ ಟೂರ್ನಮೆಂಟ್ ನಿಂತಿತು.

ಟೂರ್ನಮೆಂಟ್ ನಿಂತಿತು, ಬುದ್ಧಿ ನಿಂತಿದೆಯೇ? 2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಾಗ ಹನ್ನೊಂದು ಮಂದಿಯೂ ಸೋತಿದ್ದರು. ಬೈಗುಳ ಬಿದ್ದದ್ದು ಮುಹಮ್ಮದ್ ಶಮಿಯವರ ಧರ್ಮಕ್ಕೆ. ನಾಯಕ ಕೊಹ್ಲಿ ಅವರ ಪರ ಗಟ್ಟಿಯಾಗಿ ನಿಂತರು ಅನ್ನುವುದು ಸಮಾಧಾನ. ಇನ್ನೂ ಹತ್ತಿರ ಬನ್ನಿ. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ, ಕ್ರಿಕೆಟ್ ಟೂರ್ನಮೆಂಟ್ ನಡೆಯುತ್ತಿದ್ದ ಜಾಗದಲ್ಲೇ, ವಯನಾಡಿನ ಒಬ್ಬ ಬಡಪಾಯಿ ಗುಂಪಿನ ಹೊಡೆತಕ್ಕೆ ಪ್ರಾಣ ಬಿಟ್ಟ. ಇದನ್ನು ಓದಿದ ಯಾವ ಉಮ್ಮ ತಾನೆ ಮಗನನ್ನು ನಿಶ್ಚಿಂತೆಯಿಂದ ಮೈದಾನಕ್ಕೆ ಕಳಿಸಿಯಾಳು?

ಈ ಹೆದರಿಕೆಗೆ ಸುಲಭದ ಉತ್ತರವೊಂದಿದೆ: ನಮ್ಮ ಹುಡುಗರು ನಮ್ಮವರ ಜೊತೆಗೇ ಆಡಲಿ. ಕರಾವಳಿಯಲ್ಲಿ ಈಗ ಹೆಚ್ಚುಕಡಿಮೆ ಪ್ರತಿ ಸಮುದಾಯಕ್ಕೂ ಅದರದೇ ಕ್ರಿಕೆಟ್ ಟೂರ್ನಮೆಂಟ್ ಇದೆ. ನಮ್ಮದೂ ಇದೆ. ಅದರಿಂದ ಬಂಧುಗಳು ಸೇರುತ್ತಾರೆ, ಬಡ ಹುಡುಗನ ಆಸ್ಪತ್ರೆ ಖರ್ಚಿಗೋ ಮದುವೆ ಖರ್ಚಿಗೋ ನಾಲ್ಕು ಕಾಸು ಒಟ್ಟಾಗುತ್ತದೆ. ಅದನ್ನು ನಿಲ್ಲಿಸಿ ಅನ್ನುವುದು ನನ್ನ ಮಾತಲ್ಲ. ವರ್ಷಪೂರ್ತಿ ಅದೊಂದೇ ಆದರೆ ಕಷ್ಟ ಅನ್ನುವುದು ನನ್ನ ಮಾತು. ಪಕ್ಕದ ಮನೆಯ ಹುಡುಗನ ಜೊತೆ ಒಂದೇ ತಂಡದಲ್ಲಿ ಒಮ್ಮೆಯೂ ಆಡದೆ ಬೆಳೆದವನಿಗೆ, ಆ ಹುಡುಗ ಯಾವಾಗಲೂ ‘ಎದುರು ಪಾರ್ಟಿ’ಯೇ ಆಗಿಬಿಡುತ್ತಾನೆ. ಅವನಿಗೆ ನಾವೂ ಹಾಗೆಯೇ.

1983ರ ವಿಶ್ವಕಪ್ಪನ್ನು ನೆನಪಿಸಿಕೊಳ್ಳಿ. ಜಿಂಬಾಬ್ವೆ ಎದುರು ಕಪಿಲ್ ದೇವ್ 175 ಹೊಡೆಯುವಾಗ ಕೊನೆಗೆ ಜೊತೆ ನಿಂತು 126 ರನ್ ಸೇರಿಸಿದವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ಕರ್ನಾಟಕದವರೇ ಆದ ರೋಜರ್ ಬಿನ್ನಿ. ಹಳೇ ಮುಂಬೈ ಟೂರ್ನಮೆಂಟಿನ ಲೆಕ್ಕದಲ್ಲಿ ಈ ಮೂವರೂ ಒಂದೇ ತಂಡದಲ್ಲಿ ಆಡುವ ಹಾಗೇ ಇರಲಿಲ್ಲ.

ಬಾಲೂ ಅವರ ಕತೆಯಲ್ಲಿ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ವಿಕೆಟ್ ಬೀಳುತ್ತಿತ್ತು, ಅದಕ್ಕೇ ಅವರಿಗೆ ಬಾಗಿಲು ತುಸು ತೆರೆಯಿತು. ಅವರಷ್ಟು ಚೆಂದ ಬೌಲಿಂಗ್ ಬಾರದ ಅವರ ಜಾತಿಯ ಸಾಮಾನ್ಯ ಹುಡುಗನಿಗೆ? ಮಣ್ಣಿನ ಕುಡಿಕೆಯೂ ಇಲ್ಲ. ಗೆದ್ದಾಗ ಮಾತ್ರ ‘ನಮ್ಮವ’ ಅನ್ನುವ ಪ್ರೀತಿ ಪ್ರೀತಿಯಲ್ಲ, ವ್ಯಾಪಾರ. ಶೂನ್ಯಕ್ಕೆ ಔಟಾದ ಹುಡುಗನೂ, ಕ್ಯಾಚ್ ಬಿಟ್ಟವನೂ ಇದೇ ಊರಿನವ, ಇದೇ ದೇಶದವ. ಅವನ ತಂದೆ ಯಾರು, ಅವನು ಎಲ್ಲಿ ನಮಾಜು ಮಾಡುತ್ತಾನೆ, ಎಲ್ಲಿ ಪೂಜೆ ಮಾಡುತ್ತಾನೆ ಎಂದು ಯಾರೂ ಕೇಳಬಾರದು.

ಇದನ್ನು ಬೇರೆಯವರಿಗೆ ಹೇಳುವ ಮೊದಲು ನಮ್ಮ ಮೈದಾನ ನೋಡಿಕೊಳ್ಳೋಣ. ಕೂಲಿಗೆ ಬಂದ ಹೊರರಾಜ್ಯದ ಹುಡುಗನನ್ನು ಬೌಲರ್ ಕಮ್ಮಿ ಬಿದ್ದಾಗ ಮಾತ್ರ ಕರೆಯುತ್ತೇವೆಯೇ? ಬಿರಿಯಾನಿ ಬಡಿಸುವಾಗ ಅವನು ಎಲ್ಲಿ ಕೂತಿರುತ್ತಾನೆ? ನಾಯಕತ್ವ ಆಟ ನೋಡಿ ಕೊಡುತ್ತೇವೋ, ಅಪ್ಪನ ಅಂಗಡಿ ನೋಡಿಯೋ?

ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಜಾಮಿಯಾ ಮಸೀದಿ ಎರಡೂ ಒಂದೇ ಊರಿನ ಹೆಮ್ಮೆ. ಅಂಥ ಸೀಮೆಯಲ್ಲಿರುವ ನಮ್ಮ ಕುಟುಂಬಗಳೇ ಇದನ್ನು ಮೊದಲು ಮಾಡಿ ತೋರಿಸಬಹುದು. ಮುಂದಿನ ಟೂರ್ನಮೆಂಟಿಗೆ ಪೋಸ್ಟರ್ ಅಚ್ಚು ಹಾಕಿಸುವ ಮೊದಲು ಸಂಘಟಕರು ಒಂದು ನಿಯಮ ಸೇರಿಸಲಿ: ತಂಡ ಓಣಿಯದು, ಓಣಿಯಲ್ಲಿ ಇರುವವರೆಲ್ಲರದು. ಕುಡಿಯುವ ನೀರು ಒಂದೇ ಕಡೆ, ಊಟಕ್ಕೆ ಒಂದೇ ಸಾಲು. ಇದಕ್ಕೆ ಖರ್ಚೇನೂ ಇಲ್ಲ, ಮನಸ್ಸು ಬೇಕು ಅಷ್ಟೇ.