ಬೇಸಿಗೆ ಶಿಬಿರದಿಂದ ಮರೆಯಾಗುವ ಹೆಣ್ಣುಮಕ್ಕಳು

ವಾರ್ಷಿಕ ಪರೀಕ್ಷೆಗಳು ಮುಗಿದು ಏಪ್ರಿಲ್ ತಿಂಗಳು ನಡುವಿಗೆ ಬಂತೆಂದರೆ ಮೈಸೂರಿನ ವಿಶ್ವವಿದ್ಯಾನಿಲಯದ ಮೈದಾನಗಳಿಗೆ ಬೇರೆಯೇ ಒಂದು ಕಳೆ ಬರುತ್ತದೆ. ಬೆಳಗಿನ ತಂಪಿನಲ್ಲಿ ತಂದೆಯ ಸ್ಕೂಟರಿನಿಂದ ಇಳಿದ ಮಕ್ಕಳು ನಿದ್ದೆಗಣ್ಣಿನಲ್ಲಿಯೇ ಸಾಲುಗಟ್ಟಿ ನಿಲ್ಲುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವರ ಕೂಗು ರಸ್ತೆಯವರೆಗೂ ಕೇಳಿಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ವಿಭಾಗವು ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ಕ್ರೀಡಾ ಶಿಬಿರಗಳನ್ನು ನಡೆಸುತ್ತ ಬಂದಿದೆ. ಸರಸ್ವತೀಪುರದಲ್ಲಿ ಅದರದೇ ಈಜುಕೊಳವಿದೆ. ವಿಶಾಲವಾದ ಮೈದಾನ, ಓಟದ ಪಥ, ತರಬೇತಿ ಪಡೆದ ಶಿಕ್ಷಕರು, ಈ ಮೂರೂ ಒಂದೇ ಕಡೆ ದೊರೆಯುವ ಸ್ಥಳಗಳು ನಮ್ಮ ಊರುಗಳಲ್ಲಿ ಎಷ್ಟಿವೆ? ಸಾರ್ವಜನಿಕರ ಹಣದಿಂದ ಬೆಳೆದ ಈ ಸೌಲಭ್ಯಗಳು ರಜೆಯಲ್ಲಿ ಬೀಗ ಹಾಕಿಕೊಂಡಿರದೆ ಮಕ್ಕಳಿಗೆ ತೆರೆದುಕೊಳ್ಳುವುದು ಅತ್ಯಂತ ಸ್ತುತ್ಯವಾದ ಕಾರ್ಯ.

ಆದರೆ ಇಂತಹ ಶಿಬಿರಗಳ ಅಂಚಿನಲ್ಲಿ ನಿಂತು ನೋಡುವ ಅಜ್ಜಿಯಾಗಿ ನನ್ನನ್ನು ಕಾಡುವ ಸಂಗತಿಯೊಂದಿದೆ. ಎಂಟು, ಒಂಬತ್ತು ವರ್ಷದ ಮಕ್ಕಳ ಗುಂಪಿನಲ್ಲಿ ಹುಡುಗರಷ್ಟೇ ಹುಡುಗಿಯರೂ ಕಾಣುತ್ತಾರೆ. ಹದಿಮೂರು ದಾಟಿದವರ ಗುಂಪಿನತ್ತ ಕಣ್ಣು ಹಾಯಿಸಿದರೆ ಹುಡುಗಿಯರನ್ನು ಬೆರಳೆಣಿಸಿ ಹೇಳಬಹುದು. ಹಿಂದಿನ ವರ್ಷ ಮುಂದಿನ ಸಾಲಿನಲ್ಲಿ ಓಡುತ್ತಿದ್ದವರು ಎಲ್ಲಿ ಹೋದರು?

ಒಬ್ಬಳು ಎಲ್ಲಿ ಹೋದಳೆಂಬುದನ್ನು ನಾನು ಬಲ್ಲೆ. ಅವಳು ನನ್ನ ಮೊಮ್ಮಗಳು. ಎರಡು ಬೇಸಿಗೆ ಈಜು ಕಲಿತು, ಕೊಳದ ಈ ತುದಿಯಿಂದ ಆ ತುದಿಗೆ ನಿರಾಯಾಸವಾಗಿ ಹೋಗಿ ಬರುತ್ತಿದ್ದವಳು. ಮೂರನೆಯ ಬೇಸಿಗೆಗೆ ಮುನ್ನ ದೊಡ್ಡವಳಾದಳು. "ಇನ್ನು ಈಜು ಗೀಜು ಸಾಕು, ಮನೆಯಲ್ಲಿರಲಿ" ಎಂದು ಮೊದಲು ಹೇಳಿದವಳು ಅವಳ ತಾಯಿಯಲ್ಲ, ನಾನೇ. ಮಗು ಎದುರಾಡಲಿಲ್ಲ. ಅವಳು ಎದುರಾಡಲಿಲ್ಲವೆಂಬುದೇ ಈಗ ನನಗೆ ಹೆಚ್ಚು ನೋವು ಕೊಡುತ್ತದೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. 5ರಿಂದ 17 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನಾದ್ಯಂತ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಹುಡುಗರ ಪೈಕಿ ಶೇ. 78ರಷ್ಟು, ಹುಡುಗಿಯರ ಪೈಕಿ ಶೇ. 85ರಷ್ಟು ಮಂದಿ ಇಷ್ಟು ಚಟುವಟಿಕೆಯನ್ನೂ ಮಾಡುತ್ತಿರಲಿಲ್ಲ. ಗಂಡುಮಕ್ಕಳ ಸ್ಥಿತಿಯೇ ಹೀಗಿರುವಾಗ ಹೆಣ್ಣುಮಕ್ಕಳದು ಅದಕ್ಕಿಂತಲೂ ಕೆಳಗೆ.

ದೇಹಕ್ಕೆ ಆಟದ ಅವಶ್ಯಕತೆ ಅತಿಯಾಗಿರುವ ವಯಸ್ಸಿನಲ್ಲಿಯೇ ನಾವು ಅದನ್ನು ನಿಲ್ಲಿಸುತ್ತಿದ್ದೇವೆ. ಹೆಣ್ಣುಮಗಳ ಶರೀರದಲ್ಲಿ ಜೀವಮಾನಕ್ಕಾಗಿ ಸಂಚಯವಾಗುವ ಮೂಳೆಯ ಸುಮಾರು ಶೇ. 90 ಭಾಗ 18 ವರ್ಷದೊಳಗೆ ಸೇರಿಬಿಡುತ್ತದೆ. ಅಲ್ಲಿಂದ ಮುಂದೆ ಆ ಗಂಟನ್ನು ಕಾಪಾಡಿಕೊಳ್ಳಬಹುದೇ ಹೊರತು ಹೆಚ್ಚಿಗೆ ಕೂಡಿಡುವುದು ಕಷ್ಟ; ಮುಟ್ಟು ನಿಂತ ಮೇಲಂತೂ ಅದು ಬೇಗ ಬೇಗನೆ ಕರಗುತ್ತದೆ. ಓಟ, ಜಿಗಿತ, ಖೋಖೋ, ಬ್ಯಾಸ್ಕೆಟ್‌ಬಾಲ್‌ಗಳಂತೆ ದೇಹದ ಭಾರ ಕಾಲಿನ ಮೇಲೆ ಬೀಳುವ ಆಟಗಳು ಮೂಳೆಯನ್ನು ಗಟ್ಟಿಗೊಳಿಸುತ್ತವೆ. ಈಜು ಹೃದಯಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದು, ಆದರೆ ಮೂಳೆಗೆ ಅದೊಂದೇ ಸಾಲದು. ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿರುವ ನನ್ನ ಓರಗೆಯವರನ್ನು ಕಂಡಾಗಲೆಲ್ಲ, ನಾವು ಹದಿನಾಲ್ಕರಲ್ಲಿ ಯಾವ ಮೈದಾನದಲ್ಲಿ ಆಡಿದ್ದೆವು ಎಂದು ಕೇಳಿಕೊಳ್ಳುತ್ತೇನೆ.

ತಡೆಯುವುದಕ್ಕೆ ನಾವು ಕೊಡುವ ಕಾರಣಗಳಾದರೂ ಎಂಥವು? ಮೊದಲನೆಯದು ಮುಟ್ಟು. ರಜಸ್ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ನಿರಾಕರಿಸಿದ ಪರಂಪರೆ ನಮ್ಮದು. ಮಠದ ಪ್ರವಚನದಲ್ಲಿ ಈ ಮಾತಿಗೆ ತಲೆದೂಗುವ ನಾವೇ ಮನೆಗೆ ಬಂದು, ಆ ದಿನಗಳಲ್ಲಿ ಮಗಳು ಮೆಟ್ಟಿಲು ಹತ್ತಿಳಿದರೂ ಆತಂಕಪಡುತ್ತೇವೆ. ಆರೋಗ್ಯವಂತ ಹುಡುಗಿಗೆ ಮುಟ್ಟಿನ ದಿನಗಳಲ್ಲಿ ಆಟ ನಿಷಿದ್ಧವಲ್ಲ. ಹಗುರವಾದ ವ್ಯಾಯಾಮದಿಂದ ಹೊಟ್ಟೆನೋವು ಅನೇಕರಿಗೆ ಕಡಿಮೆಯೇ ಆಗುತ್ತದೆ. ಪ್ಯಾಡ್ ಬಳಸುವವರು ಆ ನಾಲ್ಕು ದಿನ ನೀರಿಗಿಳಿಯದೆ ಬೇರೆ ಆಟವಾಡಲಿ, ಅಷ್ಟೆ. ನಾಲ್ಕು ದಿನಗಳ ಅನನುಕೂಲಕ್ಕೆ ನಾಲ್ಕು ವರ್ಷಗಳ ಆಟವನ್ನೇ ಕಿತ್ತುಕೊಳ್ಳುವುದು ಯಾವ ನ್ಯಾಯ? ಎರಡನೆಯ ಕಾರಣ "ಬಿಸಿಲಿಗೆ ಕಪ್ಪಾಗುತ್ತಾಳೆ" ಎಂಬುದು. ಇದಕ್ಕೆ ಉತ್ತರ ಬರೆಯಲೂ ನನಗೆ ಮನಸ್ಸಿಲ್ಲ. ಮೂರನೆಯದು ಎಸ್ಸೆಸ್ಸೆಲ್ಸಿಗೆ ಮುಂಚಿತವಾಗಿ ಏಪ್ರಿಲ್‌ನಲ್ಲಿಯೇ ಆರಂಭವಾಗುವ ಟ್ಯೂಷನ್. ಅದು ಗಂಡುಮಕ್ಕಳಿಗೂ ಇದೆಯಲ್ಲವೇ? ಆದರೂ ಅವರು ಸಂಜೆ ಕ್ರಿಕೆಟ್ ಆಡಿ ಬರುತ್ತಾರೆ.

ಬೇಗ ದಣಿಯುವ ಹುಡುಗಿಯನ್ನು ಸೋಮಾರಿಯೆನ್ನುವ ಮುನ್ನ ರಕ್ತ ಪರೀಕ್ಷೆ ಮಾಡಿಸಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ನುಂಗುತ್ತಾರೋ ಇಲ್ಲವೋ ಕೇಳಿ ನೋಡಿ. ಶಿಬಿರದಿಂದ ಬಂದವಳಿಗೆ ಚಹಾ, ಬಿಸ್ಕತ್ತಿನ ಬದಲು ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿಯನ್ನೋ ಸೊಪ್ಪಿನ ಪಲ್ಯದೊಡನೆ ರಾಗಿ ರೊಟ್ಟಿಯನ್ನೋ ಕೊಡಿ. ಊಟದ ಜೊತೆಗಿನ ಚಹಾ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ನಿಂಬೆ, ನೆಲ್ಲಿ ಸೇರಗೊಡುತ್ತವೆ.

ತಪ್ಪು ಮನೆಯವರದೊಂದೇ ಎಂದರೆ ಅರ್ಧ ಮಾತಾಡಿದಂತಾಗುತ್ತದೆ. ಶಿಬಿರ ನಡೆಸುವ ವಿಶ್ವವಿದ್ಯಾನಿಲಯಗಳು ಹದಿಹರೆಯದ ಹುಡುಗಿಯರಿಗೆಂದು ಪ್ರತ್ಯೇಕ ತಂಡವನ್ನು ರಚಿಸಿ, ಅದಕ್ಕೆ ಮಹಿಳಾ ತರಬೇತುದಾರರನ್ನು ನೇಮಿಸಬೇಕು. ದೈಹಿಕ ಶಿಕ್ಷಣದಲ್ಲಿ ಪದವಿ ಓದುತ್ತಿರುವ ಹೆಣ್ಣುಮಕ್ಕಳು ಅವರ ವಿಭಾಗಗಳಲ್ಲಿಯೇ ಇರುವಾಗ ಇದು ಅಸಾಧ್ಯವೇನಲ್ಲ. ಚಿಲಕವಿರುವ ಬಾಗಿಲು, ನೀರು, ಕಸದ ಬುಟ್ಟಿ ಇರುವ ಶೌಚಾಲಯವೂ ಬಟ್ಟೆ ಬದಲಿಸುವ ಕೋಣೆಯೂ ಬೇಕು. ಪೋಷಕರು ನೋಂದಣಿಗೆ ಮುನ್ನ ಅವುಗಳನ್ನು ನೋಡಿ ಬರಲಿ. ಬಿಸಿಲೇರುವ ಮೊದಲೇ ಆಟ ಮುಗಿಯಬೇಕು. ಮೈಸೂರಿನಲ್ಲಿ ಎಂಟೂವರೆಯವರೆಗೆ ನಡೆಯುವ ಆಟ, 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಏಳೂವರೆಗೇ ನಿಂತರೆ ಒಳ್ಳೆಯದು. ವಿಜಯಪುರದಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾನಿಲಯವೇ ಇದೆ. ಆ ಸೀಮೆಯ ಹೈಸ್ಕೂಲು ಹುಡುಗಿಯರಿಗೆ ಪ್ರತಿ ಬೇಸಿಗೆಯಲ್ಲೂ ಅದರ ಮೈದಾನ ಸಿಗುವಂತಾದರೆ ಆ ಹೆಸರಿಗೆ ಅದಕ್ಕಿಂತ ಮಿಗಿಲಾದ ಗೌರವವುಂಟೇ?

ಇನ್ನೊಂದು ಮಾತು. ಬಹುಮಾನ ತರುವವರನ್ನು ಆರಿಸುವ ಜರಡಿಯಾಗಿ ಶಿಬಿರವನ್ನು ನಡೆಸಿದರೆ, ನಿಧಾನವಾಗಿ ಓಡುವ ಹುಡುಗಿ ಎರಡನೆಯ ವಾರಕ್ಕೆ ಮನೆಯಲ್ಲಿ ಉಳಿಯುತ್ತಾಳೆ. ಅವಳಿಗೆ ಪದಕ ಬೇಕಾಗಿಲ್ಲ, ಗೆಳತಿಯರೊಡನೆ ಒಂದು ಗಂಟೆ ಬೆವರುವ ಅವಕಾಶ ಬೇಕು.

ಈ ಸಲ ನಾನೇ ಮೊಮ್ಮಗಳನ್ನು ಕೂರಿಸಿಕೊಂಡು, ಅಂದು ಹಾಗೆ ಹೇಳಿದ್ದು ನನ್ನ ತಪ್ಪೆಂದು ಒಪ್ಪಿಕೊಂಡೆ. ಅವಳಿಗೀಗ ಹದಿನೈದು. ಬಹಳ ಹೊತ್ತು ಸುಮ್ಮನಿದ್ದು, ಬ್ಯಾಡ್ಮಿಂಟನ್‌ಗಾದರೆ ಹೋಗುತ್ತೇನೆ ಎಂದಳು. ಈಜುಕೊಳದ ಮಾತೆತ್ತಿದರೆ ಈಗಲೂ ಎದ್ದು ಒಳಗೆ ಹೋಗುತ್ತಾಳೆ.